ನಾನು ಬಾಳವ್ವನ ಹರವಿಗೆ ಬಿದ್ದದ್ದು

ನಾನು ಹಲ್ಲಿಯಲ್ಲ. ಮಿಕ್ಕದ್ದೆಲ್ಲ ಆಮೇಲೆ, ಮೊದಲು ಇದನ್ನು ತಿಳಿದುಕೊಳ್ಳಿ. ಈ ಒಂದು ಮಾತನ್ನು ಹೇಳಬೇಕಾದವರು ಹೇಳಬೇಕಾದ ಹೊತ್ತಿನಲ್ಲಿ ಹೇಳದೆ ನುಂಗಿಕೊಂಡದ್ದರಿಂದ ಒಬ್ಬ ಹೆಂಗಸಿನ ಬದುಕು ಮೂರಾಬಟ್ಟೆಯಾಯಿತು. ನಾನೊಂದು ನ್ಯೂಟ್. ಕನ್ನಡದಲ್ಲಿ ನನಗೆ ಹೆಸರಿಲ್ಲ. ನಮ್ಮವರು ಯಾರೂ ಈ ಕಡೆ ಹುಟ್ಟಿಯೇ ಇಲ್ಲ, ಹುಟ್ಟದ ಕೂಸಿಗೆ ಕುಲಾವಿ ಹೊಲಿಯುವವರು ಯಾರು? ಹಲ್ಲಿಗೆ ಒಣ ಚರ್ಮ, ನನಗೆ ಸದಾ ತೇವದ ಚರ್ಮ. ಹಲ್ಲಿ ಗೋಡೆ ಹತ್ತಿ ಓಡುತ್ತದೆ, ನನಗೆ ನೆಲದ ಮೇಲೂ ಸರಿಯಾಗಿ ಓಡಲು ಬಾರದು. ನಾನು ಕಪ್ಪೆಯ ದಾಯಾದಿ. ಅದು ದೊಡ್ಡದಾಗುತ್ತ ಬಾಲ ಕಳೆದುಕೊಂಡಿತು, ನಾನು ಉಳಿಸಿಕೊಂಡೆ.

ಮನುಷ್ಯರ ಮಾತು ನಿನಗೆ ಹೇಗೆ ತಿಳಿಯಿತು ಎಂದು ಕೇಳಬೇಡಿ. ನ್ಯೂಟು ಕಥೆ ಹೇಳುತ್ತದೆ ಎಂದು ಕಿವಿಗೊಟ್ಟು ಕೂತಮೇಲೆ ಅಷ್ಟೊಂದು ಲೆಕ್ಕಾಚಾರ ಯಾಕೆ?

ನಾನು ಹುಟ್ಟಿದ್ದು ಡಾರ್ಜಿಲಿಂಗ್ ಬೆಟ್ಟಗಳಲ್ಲಿ, ಚಹಾ ತೋಟವೊಂದರ ಕೆಳಗಿನ ಹೊಂಡದಲ್ಲಿ. ದಿನಕ್ಕೆ ಹತ್ತು ಸಲ ಮೋಡ ಇಳಿದು ನೀರಿನ ಮೇಲೆ ಕೂತು ಎದ್ದುಹೋಗುತ್ತಿತ್ತು. ಅಮ್ಮ ಮೊಟ್ಟೆಗಳನ್ನು ಹುಲ್ಲಿನ ಗರಿಗಳಿಗೆ ಅಂಟಿಸಿ ಹೋದವಳು ತಿರುಗಿ ನೋಡಲಿಲ್ಲ. ನಮ್ಮಲ್ಲಿ ಹಾಗೆಯೇ. ಕತ್ತಿನ ಎರಡೂ ಕಡೆ ಗರಿಯಂಥ ಕಿವಿರುಗಳನ್ನು ಹೊತ್ತು ಹೊರಬಂದ ದಿನದಿಂದಲೇ ಹಸಿವು. ಮೊದಮೊದಲು ಕಣ್ಣಿಗೆ ಕಾಣದಷ್ಟು ಸಣ್ಣ ನೀರುಹುಳ ತಿಂದೆ, ಬಾಯಿ ದೊಡ್ಡದಾದಂತೆ ಸೊಳ್ಳೆಯ ಮರಿ, ಆಮೇಲೆ ಕಪ್ಪೆಯ ಗೊದಮೊಟ್ಟೆ. ಬಾಯಿಗೆ ಹಿಡಿಸುವುದೆಲ್ಲ ಆಹಾರ, ಅಷ್ಟೇ ನಮ್ಮ ಶಾಸ್ತ್ರ. ಒಡಹುಟ್ಟಿದವನೊಬ್ಬ ನನ್ನ ಹಿಂಗಾಲನ್ನೇ ಕಚ್ಚಿ ತಿಂದ. ಪುಣ್ಯಕ್ಕೆ ಅದು ಮತ್ತೆ ಬೆಳೆಯಿತು. ಮರುವರ್ಷ ಹುಲ್ಲಿಗೆ ಅಂಟಿದ್ದ ಮೊಟ್ಟೆಗಳನ್ನು ನಾನೂ ತಿಂದೆ, ಅವು ಯಾರವು ಎಂದು ಕೇಳಲಿಲ್ಲ. ನನ್ನ ತಂಗಿಯರೂ ಅದರಲ್ಲಿ ಇದ್ದಿರಬಹುದು. ಈಗ ಮುದಿತನದಲ್ಲಿ ನೆನಪಾಗುತ್ತದೆ.

ಕಿವಿರು ಉದುರಿ, ಚರ್ಮ ದಪ್ಪವಾಗಿ, ಬೆನ್ನಿನ ಎರಡೂ ಕಡೆ ಗುಳ್ಳೆಗಳ ಸಾಲು ಎದ್ದಮೇಲೆ ನಾವು ನೆಲಕ್ಕೆ ಬಂದೆವು. ಆ ಗುಳ್ಳೆಗಳಲ್ಲಿ ಹಾಲಿನಂಥ ವಿಷ ಇದೆ. ನಮಗೆ ಕೋರೆಹಲ್ಲಿಲ್ಲ, ಉಗುರಿಲ್ಲ, ವೇಗವಿಲ್ಲ. ಇರುವುದು ಇದೊಂದೇ. ಆದರೆ ಅದು ಕೆಲಸ ಮಾಡಬೇಕಾದರೆ ಮೊದಲು ಯಾರಾದರೂ ನಮ್ಮನ್ನು ಬಾಯಿಗೆ ಹಾಕಿಕೊಳ್ಳಬೇಕು.

ಅದನ್ನು ನಾನು ಕಣ್ಣಾರೆ ಕಂಡೆ. ನನ್ನ ಮುಂದೆ ಒಂದು ಮೊಳ ದೂರದಲ್ಲಿ ನನ್ನ ಅಕ್ಕ ನಡೆಯುತ್ತಿದ್ದಳು. ಜರೀಗಿಡದ ಬುಡದಿಂದ ಎಳೆಯ ಹಾವೊಂದು ಬಂತು. ಅವಳು ಓಡಲಿಲ್ಲ. ತಲೆ ಎತ್ತಿದಳು, ಬಾಲ ಎತ್ತಿದಳು, ನಡು ಬಗ್ಗಿಸಿ ಬಾಲದ ಅಡಿಯ ಕೇಸರಿ ಬಣ್ಣ ತೋರಿಸಿ ಕಲ್ಲಿನಂತೆ ನಿಂತಳು. ನಾನು ಕೆಟ್ಟವಳು, ನನ್ನನ್ನು ಬಿಡು ಎಂದು ಹೇಳುವ ನಮ್ಮ ರೀತಿ ಅದು. ಹಳೆಯ ಹಾವಾಗಿದ್ದರೆ ಓದಿಕೊಂಡು ಹೋಗುತ್ತಿತ್ತು. ಇದಕ್ಕೆ ಆ ಅಕ್ಷರ ಬಾರದು, ನುಂಗಿಬಿಟ್ಟಿತು. ಎರಡು ದಿನದ ಮೇಲೆ ಅದೇ ಜರೀಗಿಡದ ಬುಡದಲ್ಲಿ ಹಾವು ಬಾಯಿ ತೆರೆದು ಬಿದ್ದಿತ್ತು, ಇರುವೆ ಮುತ್ತಿದ್ದವು. ಅಕ್ಕ ಹೊರಗೆ ಬರುತ್ತಾಳೇನೋ ಎಂದು ನಾನು ಇಡೀ ದಿನ ಕಾದೆ. ಬರಲಿಲ್ಲ.

ಆ ಹಾವಿನ ಮೇಲೆ ನನಗೆ ಸಿಟ್ಟಿಲ್ಲ. ಹಸಿದಿತ್ತು, ತಿಂದಿತು. ಆದರೆ ತೆರೆದ ಆ ಬಾಯಿ ನನ್ನನ್ನು ಬಿಟ್ಟಿಲ್ಲ. ಎಷ್ಟು ಸಾವಿರ ಹರದಾರಿ ದೂರ ಬಂದರೂ ಕಣ್ಣು ಮುಚ್ಚಿದರೆ ಎದುರಿಗೆ ಇರುತ್ತದೆ.

ಇಂದುಮತಿ ಹಂಚಿನಾಳ ಬಂದದ್ದು ಒಂದು ಮಳೆಗಾಲದಲ್ಲಿ. ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು, ಆಗ ಮೂವತ್ತರ ಆಜುಬಾಜು. ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿ, ರಬ್ಬರ್ ಬೂಟು ಹಾಕಿ, ಕೊಡೆಯನ್ನು ಕುತ್ತಿಗೆಗೂ ಭುಜಕ್ಕೂ ನಡುವೆ ಒತ್ತಿಕೊಂಡು ಬರೆಯುತ್ತಿದ್ದಳು. ನ್ಯೂಟುಗಳು ಏನು ತಿನ್ನುತ್ತವೆ, ತಿನ್ನಲು ಬಂದವರಿಂದ ಹೇಗೆ ತಪ್ಪಿಸಿಕೊಳ್ಳುತ್ತವೆ, ಇವೇ ಎರಡು ಪ್ರಶ್ನೆ. ಇದಕ್ಕೆ ಉತ್ತರ ಬರೆದರೆ ಅವಳ ಹೆಸರಿನ ಮುಂದೆ ಡಾಕ್ಟರ್ ಎಂದು ಬರುತ್ತಿತ್ತಂತೆ. ನಾನೊಬ್ಬ ಬಲೆಗೆ ಬಿದ್ದೆ, ಇನ್ನಿಬ್ಬರೂ ಬಿದ್ದರು. ಪಾಚಿ ತುಂಬಿದ ಬಿಸ್ಕತ್ತಿನ ಡಬ್ಬಿಯಲ್ಲಿ ಮೂರು ದಿನ ರೈಲು. ನಾಗಪುರದ ಸೆಖೆಗೆ ಉಳಿದಿಬ್ಬರು ಸತ್ತರು. ಇಂದುಮತಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಎದುರಿನ ಸೀಟಿನವರು ಯಾರೋ ಊರಲ್ಲಿ ತೀರಿಕೊಂಡಿರಬೇಕು ಎಂದು ಬಗೆದು ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡಿದರು. ಅವಳು ಕೆಟ್ಟವಳಲ್ಲ. ಮುಂದಿನದನ್ನು ಕೇಳುವಾಗ ಇದನ್ನು ಮರೆಯಬೇಡಿ.

ಹುಬ್ಬಳ್ಳಿಯಲ್ಲಿ ಇಳಿದು ಎರಡು ತಾಸು ಬಸ್ಸು. ಅವಳು ಹುಡುಗಿಯರ ಹಾಸ್ಟೆಲಿನ ವಾರ್ಡನ್ ಕೂಡ ಆಗಿದ್ದಳು. ಅವಳ ಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಎರಡಕ್ಕೂ ಸೇರಿ ಒಂದೇ ಹಿತ್ತಿಲ ಓಣಿ. ಕೋಣೆಯ ಮೂಲೆಯಲ್ಲಿ ನನಗೊಂದು ಗಾಜಿನ ತೊಟ್ಟಿ, ಅದಕ್ಕೆ ಮರದ ಮುಚ್ಚಳ, ಸೆಖೆ ತಡೆಯಲು ಸುತ್ತಲೂ ಹಸಿ ಗೋಣಿತಟ್ಟು. ಅಡುಗೆಮನೆಯ ಪಕ್ಕದಲ್ಲಿ ಹಲ್ಲಿಯಂಥ ಪ್ರಾಣಿ ಸಾಕಿದ್ದಾರೆಂದು ಗೊತ್ತಾದರೆ ಹಾಸ್ಟೆಲಿನಲ್ಲಿ ಒಬ್ಬರೂ ಊಟ ಮಾಡುವುದಿಲ್ಲ. ಹಲ್ಲಿ ಬಿದ್ದ ಅಡುಗೆ ವಿಷ ಎನ್ನುವುದು ಈ ನಾಡಿನಲ್ಲಿ ಎದೆಹಾಲಿನ ಜೊತೆಗೇ ಕುಡಿದ ನಂಬಿಕೆ. ಹಾಗಾಗಿ ಇಂದುಮತಿ ಎಲ್ಲರಿಗೂ ಹೇಳಿದ್ದು, ಒಳಗೆ ಮೀನಿದೆ ಅಂತ.

ಆ ಮೀನಿಗೆ ಊಟ ತರುತ್ತಿದ್ದವಳು ಅಡುಗೆಯ ಬಾಳವ್ವ. ಬೆಳಿಗ್ಗೆ ಏಳಕ್ಕೆ, ರೊಟ್ಟಿ ಬಡಿಯುವ ಸಪ್ಪಳ ನಿಂತ ಕೂಡಲೇ, ತೆಂಗಿನ ಚಿಪ್ಪಿನಿಂದ ಬಾಗಿಲಿಗೆ ಎರಡು ಸಲ ತಟ್ಟುವಳು. ಚಿಪ್ಪಿನಲ್ಲಿ ಮಣ್ಣು, ಮಣ್ಣಿನಲ್ಲಿ ಎರೆಹುಳ. ಬಚ್ಚಲ ನೀರು ಹರಿಯುವ ಬಾಳೆಯ ಬುಡ ಅಗೆದು ತಂದದ್ದು.

"ಅಕ್ಕಾರ, ನಿಮ್ಮ ಮೀನ ಹೆಂಗದ್ರಿ? ನಿನ್ನಿ ಹುಳ ಸಣ್ಣವು ಇದ್ದೂ. ಇವತ್ತ ದೊಡ್ಡವು ತಂದೀನಿ ನೋಡ್ರಿ."

ಇಂದುಮತಿ ಬಾಗಿಲನ್ನು ಒಂದು ಗೇಣು ತೆರೆದು ಚಿಪ್ಪನ್ನು ಒಳಗೆ ತೆಗೆದುಕೊಳ್ಳುವಳು. ಬಾಳವ್ವ ಒಳಗೆ ಇಣುಕಿದವಳಲ್ಲ. ಹೀಗೆ ಎರಡು ವರ್ಷ ನನ್ನ ಹೊಟ್ಟೆ ತುಂಬಿಸಿದ ಕೈಯನ್ನು ನಾನು ಕಂಡಿರಲಿಲ್ಲ, ಆ ಕೈಯವಳು ನನ್ನನ್ನು ಕಂಡಿರಲಿಲ್ಲ. ಅವಳ ಕೈಯ ನೀರೆಂದರೆ ಆ ಬಡಾವಣೆಗೇ ಹೆಸರು. ಅಡುಗೆಮನೆಯ ಮೂಲೆಯಲ್ಲಿ ಮರಳಿನಲ್ಲಿ ಅರ್ಧ ಹೂತಿಟ್ಟ ನಾಲ್ಕು ಮಣ್ಣಿನ ಹರವಿ, ಬಾಯಿಗೆ ತೋಯಿಸಿದ ಬಟ್ಟೆ, ಒಳಗೆ ಒಂದೊಂದು ಲಾವಂಚದ ಬೇರು. ಅಂಚೆಯವನು ಕಾಗದ ಇಲ್ಲದ ದಿನವೂ ಒಂದು ತಂಬಿಗೆ ನೀರಿಗಾಗಿ ಬಂದು ಹೋಗುತ್ತಿದ್ದ.

ಇಂದುಮತಿಯ ಮೊದಲ ಪ್ರಶ್ನೆಗೆ ನಾನು ಧಾರಾಳವಾಗಿ ಉತ್ತರ ಕೊಟ್ಟೆ. ಎಷ್ಟು ಹುಳ ತಿಂದೆ, ಬಸವನಹುಳ ಕೊಟ್ಟರೆ ಏನು ಮಾಡಿದೆ, ಪೊರೆ ಕಳಚಿದಾಗ ಅದನ್ನೇ ಹೇಗೆ ನುಂಗಿದೆ, ಎಲ್ಲ ಬರೆದುಕೊಂಡಳು. ಎರಡನೆಯ ಪ್ರಶ್ನೆಗೆ ಮಾತ್ರ ನಾನು ಬಾಯಿ ಬಿಡಲಿಲ್ಲ. ಪೆನ್ಸಿಲಿನಿಂದ ತಿವಿದಳು. ಬಣ್ಣದ ಕುಂಚದಿಂದ ಬೆನ್ನು ಉಜ್ಜಿದಳು. ಸಂತೆಯಿಂದ ರಬ್ಬರಿನ ಹಾವು ತಂದು ಬಿಟ್ಟಳು, ನಾನು ಅದರ ಮೇಲೆ ಹತ್ತಿ ಮಲಗಿದೆ. ನಮ್ಮ ಆ ನಿಲುವು ಬೇಕೆಂದಾಗ ಬರುವುದಲ್ಲ, ಜೀವ ಹೋಗುತ್ತದೆ ಎಂದು ಮೈಗೆ ಅನಿಸಿದಾಗ ತಾನಾಗಿ ಬರುವುದು. ಅವಳ ಕೈ ಎಷ್ಟೆಂದರೂ ಊಟ ಹಾಕುವ ಕೈ. ಅವಳ ಗುರುಗಳಿಂದ ಕಾಗದದ ಮೇಲೆ ಕಾಗದ ಬರುತ್ತಿತ್ತು, ಕೊನೆಯ ಅಧ್ಯಾಯ ಎಲ್ಲಿ ಅಂತ.

ಅದು ಏಪ್ರಿಲ್ ತಿಂಗಳು. ಪರೀಕ್ಷೆಯ ಕೆಲಸವೆಂದು ಇಂದುಮತಿ ಬೆಳಿಗ್ಗೆ ಅವಸರದಲ್ಲಿ ಹೋದಳು. ಮುಚ್ಚಳ ಸರಿಯಾಗಿ ಕೂರಲಿಲ್ಲ, ಗೋಣಿತಟ್ಟಿನ ಒಂದು ತುದಿ ತೊಟ್ಟಿಯ ಒಳಗೆ ಬಿದ್ದಿತ್ತು. ಮಧ್ಯಾಹ್ನದ ಹೊತ್ತಿಗೆ ನೀರು ಕುದಿಯುವಂತಾಯಿತು. ನಾನು ಗೋಣಿಯನ್ನು ಹಿಡಿದು ಹೊರಬಂದೆ. ಬಾಗಿಲ ಸಂದಿಯಿಂದ ಓಣಿ, ಓಣಿಯ ನೆಲದ ಮೇಲೆ ಎಲ್ಲಿಂದಲೋ ತಣ್ಣನೆಯ ವಾಸನೆ. ಒದ್ದೆ ಮಣ್ಣು, ಬೇರು, ನೆರಳು. ಎರಡು ವರ್ಷದ ಮೇಲೆ ನನ್ನ ಹೊಂಡದ ವಾಸನೆ ಬಂತು. ನೀವಾಗಿದ್ದರೂ ಹೋಗುತ್ತಿದ್ದಿರಿ. ಮರಳು ಹತ್ತಿ, ಹಸಿ ಬಟ್ಟೆಯ ಮಡಿಕೆಯಲ್ಲಿ ತೂರಿ, ಹರವಿಯೊಳಗೆ ಜಾರಿ ಬಿದ್ದೆ. ಒಳಗೆ ಕತ್ತಲು, ತಂಪು. ತಳಕ್ಕೆ ಹೋಗಿ ಕಣ್ಣು ಮುಚ್ಚಿದೆ. ಆ ಹೊತ್ತು ಹಾವಿನ ಬಾಯಿಯೂ ಕಾಣಲಿಲ್ಲ.

ಸಂಜೆ ಹುಡುಗಿಯರು ಬಂದರು. ಹಿತ್ತಾಳೆಯ ತಂಬಿಗೆ ಇಳಿಯಿತು, ನನ್ನ ಬೆನ್ನಿಗೆ ಬಡಿಯಿತು. ಮತ್ತೆ ಇಳಿಯಿತು, ಮತ್ತೆ ಬಡಿಯಿತು. ನಾನು ಬೇಡವೆಂದರೂ ಮೈ ಕೇಳುತ್ತದೆಯೇ? ಗುಳ್ಳೆಗಳು ಒಡೆದು ಹಾಲು ನೀರಿಗೆ ಸೇರಿತು. ಹತ್ತೋ ಹನ್ನೆರಡೋ ತಂಬಿಗೆಯಾದ ಮೇಲೆ ಬಾಳವ್ವ ಹರವಿಗೆ ಬಗ್ಗಿ ನೋಡಿದಳು. ಮರುಕ್ಷಣ ತಂಬಿಗೆಯಲ್ಲಿ ನನ್ನನ್ನು ಮೊಗೆದು ನೆಲಕ್ಕೆ ಚೆಲ್ಲಿದಳು. ಬೆಳಕು, ಕಾಲುಗಳು, ಕಿರುಚಾಟ. ಅಂದು ನಾನು ತಲೆ ಎತ್ತಿದೆ, ಬಾಲ ಎತ್ತಿದೆ, ನಡು ಬಗ್ಗಿಸಿದೆ. ಬಾಳವ್ವ ಬಾಯಿಗೆ ಸೆರಗು ಒತ್ತಿಕೊಂಡು ನನ್ನನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಹಿಂದೆ ಯಾರೋ ಒಬ್ಬಳು ತುಟಿ ಉರಿಯುತ್ತದೆ ಎಂದಳು. ಇನ್ನೊಬ್ಬಳು ವಾಂತಿ ಮಾಡಿಕೊಂಡಳು. ಬಾಳವ್ವ ನನ್ನನ್ನು ಬಿಟ್ಟು ಹುಡುಗಿಯರ ಕಡೆ ಓಡಿದಳು, ಮತ್ಯಾರೂ ಕುಡಿಯದಿರಲೆಂದು ಹರವಿಯನ್ನು ಅಲ್ಲೇ ಉರುಳಿಸಿ ಒಡೆದಳು. ಆ ಗದ್ದಲದಲ್ಲಿ ನಾನು ಬಚ್ಚಲಿಗೆ ಹರಿದುಹೋದೆ. ಒಂಬತ್ತು ಹುಡುಗಿಯರು ಆಸ್ಪತ್ರೆ ಸೇರಿದರು. ಎಂಟು ಜನ ಮರುದಿನವೇ ಎದ್ದರು, ಒಬ್ಬಳು ಮೂರು ದಿನ ಕಣ್ಣು ಬಿಡಲಿಲ್ಲ. ಅವಳೂ ಉಳಿದಳು. ಉಳಿಯದಿದ್ದರೆ ಈ ಕಥೆ ಹೇಳಲು ನನಗೂ ಬಾಯಿ ಇರುತ್ತಿರಲಿಲ್ಲ.

ಇಂದುಮತಿ ನನ್ನನ್ನು ಕಂಡದ್ದು ಬಚ್ಚಲ ಕಲ್ಲಿನ ಕೆಳಗೆ. ಬೆನ್ನಿನ ಗಾಯ ನೋಡಿದಳು, ಗಾಯದ ಸುತ್ತ ಒಣಗಿದ ಬಿಳಿಯನ್ನು ನೋಡಿದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅವಳಿಗೆ ಎಲ್ಲ ತಿಳಿಯಿತು. ನನ್ನನ್ನು ಸೆರಗಿನಲ್ಲಿ ಸುತ್ತಿ ತಂದು ತೊಟ್ಟಿಗೆ ಬಿಟ್ಟು, ಮುಚ್ಚಳದ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿದಳು.

ವಿಚಾರಣೆ ನಡೆದದ್ದು ಅವಳ ಕೋಣೆಯಲ್ಲೇ. ಅದಕ್ಕೆ ಮೊದಲು ತೊಟ್ಟಿಗೊಂದು ಚಾದರ ಮುಚ್ಚಿದಳು, ಅದರ ಸಣ್ಣದೊಂದು ತೂತಿನಿಂದ ನನಗೆ ಹೊರಗೆ ಕಾಣುತ್ತಿತ್ತು. ಪ್ರಾಚಾರ್ಯರು, ಇಬ್ಬರು ಹುಡುಗಿಯರ ತಂದೆಯರು, ಇಂದುಮತಿ, ಬಾಗಿಲಲ್ಲಿ ಬಾಳವ್ವ. ನಾನು ಅವಳಿಂದ ಎರಡು ಮಾರು ದೂರದಲ್ಲಿದ್ದೆ.

"ಹಲ್ಲಿ ಬಿದ್ದದ್ದ ನೋಡಿಲ್ಲ ನೀ. ಹರವಿ ಮುಚ್ಚಿಲ್ಲ. ಆಮ್ಯಾಲ ಒಡದು ಸಾಕ್ಷಿ ಇಲ್ಲಧಂಗ ಮಾಡಿದಿ," ಎಂದ ಒಬ್ಬ ತಂದೆ.

"ಹಲ್ಲಿ ಅಲ್ರಿ ಸಾಹೇಬ್ರ. ಹಲ್ಲಿ ನಾ ನೋಡಿಲ್ಲೇನ್ರಿ? ದಿನಾ ಗ್ವಾಡಿ ಮ್ಯಾಲ ನೋಡತೀನಿ. ಇದು ಕರ್ರಗಿತ್ರಿ, ಮೈತುಂಬ ಗುಳ್ಳಿ, ಬೆನ್ನ ಮ್ಯಾಲ ಎರಡು ಸಾಲು ಮಣಿ ಪೋಣಿಸಿಧಂಗ. ಹಲ್ಲಿ ಆಗಿದ್ರ ಓಡಿ ಹೋಗತಿತ್ತು. ಇದು ಓಡಲಿಲ್ರಿ. ತಲಿ ಎತ್ತಿತು, ಬಾಲ ಎತ್ತಿತು, ನಡಾ ಬಗ್ಗಿಸಿ ಹಂಗ ಕುಂತಬಿಟ್ಟಿತು. ಬಾಲದ ಬುಡಕ ಬಣ್ಣ ಇತ್ರಿ, ಕುಂಕುಮಕ್ಕ ಅರಿಶಿಣ ಕಲಸಿಧಂಗ. ನನ್ನ ಕಣ್ಣಾಣಿ ಐತಿ."

ಆ ತಂದೆ ನಕ್ಕ. "ಕಥಿ ಚಲೋ ಕಟ್ಟತಾಳ."

ಪ್ರಾಚಾರ್ಯರು ಒಳ್ಳೆಯವರೇ. ಇಂದುಮತಿಯ ಕಡೆ ತಿರುಗಿದರು. "ಮೇಡಂ, ನೀವು ಪ್ರಾಣಿಶಾಸ್ತ್ರದವರು. ಈಕಿ ಹೇಳೂವಂಥಾ ಪ್ರಾಣಿ ನಮ್ಮ ಕಡೆ ಐತೇನ್ರಿ?"

ಇಂದುಮತಿ ಒಮ್ಮೆ ಚಾದರದ ಕಡೆ ನೋಡಿದಳು. ಆಮೇಲೆ ಹೇಳಿದಳು:

"ಅಂಥಾ ಪ್ರಾಣಿ ನಮ್ಮ ಕಡೆ ಹುಟ್ಟೂದಿಲ್ರಿ ಸರ್."

ಅಕ್ಷರಕ್ಕೆ ಅಕ್ಷರ ನಿಜ. ಇದಕ್ಕಿಂತ ಹೊಲಸು ಸುಳ್ಳನ್ನು ನಾನು ಇನ್ನೂ ಕೇಳಿಲ್ಲ. ಅದೇ ಹೊತ್ತಿಗೆ, ಗ್ರಹಚಾರ ನೋಡಿ, ಗೋಡೆಯ ಮೇಲಿನ ಹಲ್ಲಿಯೊಂದು ಲೊಚಗುಟ್ಟಿತು. ತಂದೆಯರಿಬ್ಬರೂ ಬೆರಳಿನಿಂದ ಕುರ್ಚಿಯ ತೋಳನ್ನು ಕುಟ್ಟಿ "ಕೃಷ್ಣ ಕೃಷ್ಣ" ಎಂದರು. ಮಾತಿನ ಬೆನ್ನಿಗೆ ಹಲ್ಲಿ ನುಡಿದರೆ ಆ ಮಾತು ಸತ್ಯ ಎಂದು ಅರ್ಥವಂತೆ.

"ನೋಡ್ರಿ, ಹಲ್ಲೀನ ಸಾಕ್ಷಿ ಹೇಳಿತು," ಎಂದ ಎರಡನೆಯವನು.

ಅದುವರೆಗೆ ಗಟ್ಟಿಯಾಗಿ ಮಾತಾಡುತ್ತಿದ್ದ ಬಾಳವ್ವ ಆಮೇಲೆ ತುಟಿ ಪಿಟಕ್ಕೆನ್ನಲಿಲ್ಲ. ಅವಳೂ ಆ ನಂಬಿಕೆಯವಳೇ. ಕೈ ಮುಗಿದು ಹೊರಟುಹೋದಳು. ಹೋಗುವಾಗ ಅವಳ ಹೆಜ್ಜೆ ತೊಟ್ಟಿಯ ಪಕ್ಕದ ಗೋಡೆಯಾಚೆ ಓಣಿಯ ನೆಲವನ್ನು ಅದುರಿಸಿತು, ಅಷ್ಟು ಹತ್ತಿರದಿಂದ ಹೋದಳು.

"ನಿನ್ನ ಉಳಸಾಕ ಹಂಗ ಹೇಳಿದೆ," ಎಂದು ಅಂದು ಸಂಜೆ ಇಂದುಮತಿ ಚಾದರ ಸರಿಸಿ ನನಗೆ ಹೇಳಿದಳು. "ನಿಜ ಹೇಳಿದ್ರ ನಿನ್ನ ಹೊಡದು ಹಾಕತಿದ್ರು." ಇರಬಹುದು. ಆದರೆ ನನ್ನ ಹೆಸರಿನಲ್ಲಿ ಅವಳು ಉಳಿಸಿಕೊಂಡದ್ದು ಯಾರನ್ನು ಎಂದು ನನ್ನಂಥ ಹುಳ ತಿನ್ನುವ ಪ್ರಾಣಿಗೂ ತಿಳಿಯುತ್ತದೆ. ವಾರ ಕಳೆಯುವುದರೊಳಗೆ ಕೊನೆಯ ಅಧ್ಯಾಯ ಬರೆಯಲು ಕೂತಳು. ಬರೆಯುತ್ತ ಓದಿಕೊಳ್ಳುವುದು ಅವಳ ರೂಢಿ. ಅಪಾಯ ಎದುರಾದಾಗ ಪ್ರಾಣಿಯು ಓಡುವುದಿಲ್ಲ, ತಲೆಯನ್ನೂ ಬಾಲವನ್ನೂ ಎತ್ತಿ, ನಡುವನ್ನು ಬಗ್ಗಿಸಿ, ಬಾಲದ ಅಡಿಯ ಬಣ್ಣವನ್ನು ತೋರಿಸುತ್ತದೆ. ಕೆಳಗೆ ಬರೆದಳು: ಇದು ನಾನು ಸ್ವತಃ ಕಂಡದ್ದು. ಪೆನ್ನನ್ನು ಕೆಳಗಿಟ್ಟು ಗೋಡೆಯ ಕಡೆ ನೋಡಿದಳು. ಅಲ್ಲಿ ಹಲ್ಲಿ ಇರಲಿಲ್ಲ.

ಬಾಗಿಲ ಮೇಲೆ ಡಾ. ಇಂದುಮತಿ ಹಂಚಿನಾಳ ಎಂಬ ಹಲಗೆ ಬಂತು. ಆ ಬಾಗಿಲಿಗೆ ಬೆಳಿಗ್ಗೆ ಏಳಕ್ಕೆ ತೆಂಗಿನ ಚಿಪ್ಪು ತಟ್ಟುವ ಸಪ್ಪಳ ಅದಕ್ಕೂ ಮೊದಲೇ ಬಂದಿತ್ತು. ನಿಜ ಹೇಳುತ್ತೇನೆ. ನನಗೆ ಹೊರಗಿವಿ ಇಲ್ಲ. ನೆಲ ನಡುಗಿದರೆ ಅದು ಮುಂಗಾಲಿನಿಂದ ತಲೆಗೆ ಬರುತ್ತದೆ. ಬಾಳವ್ವ ಕೆಲಸ ಕಳೆದುಕೊಂಡು ಹೋದ ಮರುದಿನ ಏಳಕ್ಕೆ ಆ ನಡುಕ ಬಂತು, ಎರಡು ಸಲ. ಇಂದುಮತಿ ಎದ್ದು ಬಾಗಿಲನ್ನು ಒಂದು ಗೇಣು ತೆರೆದಳು. ಓಣಿ ಖಾಲಿ. ಮರುದಿನವೂ ತೆರೆದಳು, ಅದರ ಮರುದಿನವೂ. ವಾರ್ಡನ್ ಕೆಲಸ ಬಿಟ್ಟು ಬೇರೆ ಮನೆ ಮಾಡಿದಳು, ನನ್ನನ್ನೂ ಕರೆದೊಯ್ದಳು. ಏಳಕ್ಕೆ ಅಲ್ಲಿಗೂ ಬಂತು.

"ನಿನಗೂ ಕೇಳತೈತೇನ?" ಎಂದು ಒಮ್ಮೆ ಗಾಜಿಗೆ ಹಣೆ ಹಚ್ಚಿ ಕೇಳಿದಳು. ನಾನು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದೆ. ಅವಳಿಗೆ ಉತ್ತರ ಸಿಕ್ಕಿತು. ನಂತರ ಅವಳು ಮಣ್ಣಿನ ಪಾತ್ರೆಯ ನೀರು ಕುಡಿಯುವುದನ್ನು ಬಿಟ್ಟಳು. ಹುಳಕ್ಕಾಗಿ ತಾನೇ ಹಿತ್ತಿಲು ಅಗೆದಳು, ಅಗೆಯುವಾಗ ಹಿಂದೆ ಯಾರೋ ನಿಂತಂತೆ ತಿರುಗಿ ತಿರುಗಿ ನೋಡುತ್ತಿದ್ದಳು.

ಹನ್ನೊಂದು ವರ್ಷ ಹೀಗೆ ಹೋಯಿತು. ಬಾಳವ್ವನ ಸುದ್ದಿ ನನಗೆ ಸಿಗುತ್ತಿದ್ದುದು ಇಂದುಮತಿಯ ಬಾಯಿಂದ. ಸಂಜೆ ಬಂದು ತೊಟ್ಟಿಯ ಮುಂದೆ ಕೂತು ತನಗೆ ತಾನೇ ಹೇಳಿಕೊಳ್ಳುವಳು. ಯಾವ ಮನೆಯಲ್ಲೂ ಅವಳನ್ನು ಅಡುಗೆಗೆ ಕರೆಯಲಿಲ್ಲ. ಅವಳಿಗೆ ಹಲ್ಲಿ ಬಾಳವ್ವ ಎಂದು ಹೆಸರಾಯಿತು. ಹೊಲಗೆಲಸಕ್ಕೆ ಹೋದರೆ ಅಲ್ಲಿಯೂ ಅವಳು ಮುಟ್ಟಿದ ಕೊಡದಿಂದ ಯಾರೂ ನೀರು ಕುಡಿಯಲಿಲ್ಲ. ಕೊನೆಗೆ ಅವಳು ಮಾಡಿದ್ದೇನು ಗೊತ್ತೇ? ಬೇಸಿಗೆ ಬಂದರೆ ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಅರವಟ್ಟಿಗೆ ಇಡತೊಡಗಿದಳು. ಮರಳಿನ ಮೇಲೆ ನಾಲ್ಕು ಹರವಿ, ಹಸಿ ಬಟ್ಟೆ, ಬೆಳಗಿದ ತಂಬಿಗೆ. ಬಾಯಾರಿದವರಿಗೆ ನೀರು ಕೊಡುವುದು ಪುಣ್ಯ ಅಂತ ಇಟ್ಟವಳಲ್ಲ ಅವಳು. ನನ್ನ ಕೈಯ ನೀರು ಒಬ್ಬರಾದರೂ ಕುಡಿಯಲಿ ಅಂತ ಇಟ್ಟವಳು.

"ಇವತ್ತ ಒಬ್ಬಾಂವ ಕುಡದ," ಎನ್ನುವಳು ಇಂದುಮತಿ. "ಪರ ಊರಾಂವ. ಚಹಾದಂಗಡಿಯಾಂವ ಅವನ ಕಿವ್ಯಾಗ ಏನೋ ಅಂದ. ಅಲ್ಲೇ ಉಗುಳಿಬಿಟ್ಟ. ಆಕಿ ತಂಬಿಗಿ ತೊಳದು ಬೋರಲ ಹಾಕಿದ್ಲು."

ದಿನಾ ಅದೇ ದಾರಿಯಲ್ಲಿ ಕಾಲೇಜಿಗೆ ಹೋಗುವವಳು ಇವಳು. ದಿನಾ ಬಿಸಿಲಲ್ಲಿ ಬಾಯಿ ಒಣಗಿಸಿಕೊಂಡು ಆ ಹರವಿಗಳನ್ನು ದಾಟಿ ಹೋಗುವವಳು. ಗಂಟಲಲ್ಲಿ ಕಡುಬು ಸಿಕ್ಕಿದಂತೆ ಆ ಮಾತು ಸಿಕ್ಕಿಕೊಂಡಿತ್ತು, ಉಗುಳಲೂ ಆಗದು, ನುಂಗಲೂ ಆಗದು.

ಈ ಬೇಸಿಗೆಯಲ್ಲಿ ನಾನು ಊಟ ಬಿಟ್ಟೆ. ಹದಿನಾರು ವರ್ಷ ಆಗಿರಬೇಕು ನನಗೆ. ಹುಳ ಮೂಗಿನ ಮುಂದೆ ಹೊರಳಾಡಿದರೂ ಬಾಯಿ ತೆರೆಯುವುದೇ ಬೇಡವೆನಿಸುತ್ತದೆ. ನಾಲ್ಕನೆಯ ದಿನ ಇಂದುಮತಿ ನನ್ನನ್ನು ಅಂಗೈಯಲ್ಲಿ ಎತ್ತಿಕೊಂಡು ಬೆಳಕಿಗೆ ಹಿಡಿದಳು. ಅವಳ ಕೂದಲೂ ನರೆತಿತ್ತು.

"ನೀ ಸತ್ರ," ಎಂದಳು ನಿಧಾನವಾಗಿ, "ಆಕಿ ಕಂಡದ್ದನ್ನ ತೋರಸಾಕ ಈ ಊರಾಗ ಏನೂ ಉಳ್ಯೂದಿಲ್ಲ."

ಮರುದಿನ ಮಧ್ಯಾಹ್ನ ಅವಳು ಕಾಲೇಜಿಗೆ ಹೋಗಲಿಲ್ಲ. ಹಸಿ ಪಾಚಿ ತುಂಬಿದ ಸ್ಟೀಲ್ ಡಬ್ಬಿಯಲ್ಲಿ ನನ್ನನ್ನಿಟ್ಟು ಬಸ್ ನಿಲ್ದಾಣಕ್ಕೆ ನಡೆದಳು. ಬೇವಿನ ಕೆಳಗೆ ಬಸ್ಸಿಗೆ ಕಾದ ಹತ್ತಿಪ್ಪತ್ತು ಜನ, ಚಹಾದಂಗಡಿಯವನು, ಹರವಿಗಳ ಹಿಂದೆ ಕಲ್ಲಿನ ಮೇಲೆ ಬಾಳವ್ವ. ಇಂದುಮತಿ ಅವರ ನಡುವೆ ನಿಂತು, ತರಗತಿಯಲ್ಲಿ ಮಾತಾಡುವ ದನಿಯಲ್ಲೇ ಶುರುಮಾಡಿದಳು. ಹನ್ನೊಂದು ವರ್ಷದ ಹಿಂದೆ ಹಾಸ್ಟೆಲಿನ ಹರವಿಯಲ್ಲಿ ಬಿದ್ದದ್ದು ಹಲ್ಲಿಯಲ್ಲ, ತಾನು ಸಾಕಿದ ಪ್ರಾಣಿ. ಮುಚ್ಚಳ ಸರಿಯಾಗಿ ಹಾಕದವಳು ತಾನು. ಬಾಳವ್ವ ಹೇಳಿದ್ದು ಒಂದೊಂದು ಅಕ್ಷರವೂ ನಿಜ. ಗೊತ್ತಿದ್ದೂ ಸುಮ್ಮನಿದ್ದವಳು ತಾನೇ. ಕೊನೆಯ ಮಾತಿಗೆ ಆ ದನಿ ಒಡೆದುಹೋಯಿತು.

ಚಹಾದಂಗಡಿಯವನು ಹೇಳಿದ, "ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ಈಗ ಬಂದು ಹೇಳಿದ್ರ ಏನ್ ಬಂತ್ರಿ ಬಾಯಾರ? ಪಾಪ, ಮುದುಕಿ ಮ್ಯಾಲ ಕನಿಕರ ಬಂದು ಇಲ್ಲದ್ದ ಹೇಳಾಕ ಹತ್ತೀರಿ."

ಇಂದುಮತಿ ಡಬ್ಬಿಯ ಮುಚ್ಚಳ ತೆಗೆದಳು. ಜನ ಬಗ್ಗಿದರು. "ಹಲ್ಲೀನ ಬಿಡ್ರಿ ಇದು," ಎಂದ ಒಬ್ಬ. ಅವರನ್ನು ಸರಿಸಿಕೊಂಡು ಬಾಳವ್ವ ಬಂದಳು, ಕೈಯಲ್ಲಿ ಹಿತ್ತಾಳೆಯ ತಂಬಿಗೆ. ನನ್ನ ಮೇಲೆ ಬಗ್ಗಿದಳು.

ನೆತ್ತಿಯ ಮೇಲೆ ಬಿಸಿಲು, ಸುತ್ತ ಮುಖಗಳು, ತಂಬಿಗೆಯ ಹೊಳಪು. ನನ್ನ ಮೈ ನನ್ನನ್ನು ಕೇಳಲಿಲ್ಲ. ತಲೆ ಎದ್ದಿತು, ಬಾಲ ಎದ್ದಿತು, ಮುದಿ ನಡು ಬಗ್ಗಿತು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಜನ ಹಿಂದಕ್ಕೆ ಸರಿದರು. ನಾನು ನೋಡಿದ್ದು ಇಂದುಮತಿಯನ್ನು. ಅವಳ ಬಾಯಿ ತೆರೆದಿತ್ತು. ತಾನು ಕಣ್ಣಾರೆ ಕಂಡದ್ದೆಂದು ಬರೆದು ಡಾಕ್ಟರಾದವಳು ಅದನ್ನು ಕಾಣುತ್ತಿದ್ದುದು ಈಗಲೇ.

"ಇದ," ಎಂದಳು ಬಾಳವ್ವ. ಮತ್ತೊಮ್ಮೆ ಹೇಳಿದಳು. "ಇದ ನೋಡ್ರಿ. ಬಾಲದ ಬುಡಕ ನೋಡ್ರಿ." ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಅವತ್ತ ಹಲ್ಲಿ ನುಡೀತಲ್ರಿ ಅಕ್ಕಾರ. ಆವಾಗಿಂದ ನನ್ನ ಕಣ್ಣಿನ ಮ್ಯಾಲ ನನಗ ನಂಬಿಕಿ ಹೋಗಿತ್ತು. ನಾನ ಸುಳ್ಳ ಕಂಡೆನೇನೋ, ನನ್ನ ಕೈಲೇನ ಕೂಸುಗಳಿಗೆ ವಿಷಾ ಬಿತ್ತೇನೋ ಅಂತ."

ಇಂದುಮತಿ ಅವಳ ಕಾಲು ಮುಟ್ಟಲು ಬಗ್ಗಿದಳು. ಬಾಳವ್ವ ಹಿಂದಕ್ಕೆ ಸರಿದಳು.

"ನೀರ ಕೊಡು ಬಾಳವ್ವ," ಎಂದು ಇಂದುಮತಿ ಎಲ್ಲರಿಗೂ ಕೇಳುವಂತೆ ಬೊಗಸೆ ಒಡ್ಡಿದಳು. "ನಿನ್ನ ಕೈಲೆ ಕೊಡು, ಕುಡೀತೀನಿ."

ಬಾಳವ್ವ ಹರವಿಯಿಂದ ಒಂದು ತಂಬಿಗೆ ಮೊಗೆದಳು. ಆದರೆ ಸುರಿಯಲಿಲ್ಲ. ಆ ಬೊಗಸೆಯನ್ನು ನೋಡಿದಳು.

"ಮೊದಲ ಕೈ ತೊಳಕೋರಿ ಅಕ್ಕಾರ," ಎಂದಳು. "ಆ ಕೈಲೆ ಇದನ್ನ ಮುಟ್ಟೀರಿ."

ಸಿಟ್ಟಿನಿಂದ ಹೇಳಲಿಲ್ಲ. ಹೊಟ್ಟೆಗೆ ವಿಷ ಹೋಗಬಾರದು ಎಂದು ಹೇಳಿದಳು, ಅಡುಗೆಯವಳು ಹೇಳುವಂತೆ. ಇಂದುಮತಿ ತಲೆ ತಗ್ಗಿಸಿ ಕೈ ಒಡ್ಡಿದಳು. ಬಾಳವ್ವ ಸುರಿದಳು. "ಇನ್ನೊಮ್ಮಿ ತಿಕ್ರಿ," ಎಂದಳು. ಇನ್ನೊಮ್ಮೆ ಸುರಿದಳು. ಮರಳು ಕೊಟ್ಟು ಉಗುರಿನ ಸಂದಿ ಉಜ್ಜಿಸಿದಳು. ಮೂರನೆಯ ಸಲ ತೊಳೆದಮೇಲೆ ಬೇರೆ ಹರವಿಯ ನೀರು ಮೊಗೆದು ಕುಡಿಯಲು ಹಾಕಿದಳು. ಇಂದುಮತಿ ಅಳುತ್ತ ಕುಡಿದಳು, ಅರ್ಧ ನೀರು ಗದ್ದದಿಂದ ಇಳಿದುಹೋಯಿತು. ಚಹಾದಂಗಡಿಯವನು ಒಲೆಯ ಕಡೆ ಮುಖ ತಿರುಗಿಸಿಕೊಂಡ. ಬಸ್ಸು ಬಂತು, ಜನ ಹತ್ತಿದರು. ಎಲ್ಲರಿಗಿಂತ ಹಿಂದೆ ಉಳಿದಿದ್ದ ಒಬ್ಬ ಮುದುಕಿ ಗಂಟನ್ನು ಕೆಳಗಿಟ್ಟು, "ನನಗೂ ಒಂದೀಟು ಹಾಕವ್ವಾ," ಎಂದು ಬೊಗಸೆ ಒಡ್ಡಿದಳು. ಅಂದು ಕುಡಿದವರು ಅವರಿಬ್ಬರೇ.

ಬಸ್ಸು ಹೋಗಿ ಜನ ಖಾಲಿಯಾದ ಮೇಲೆ ಬಾಳವ್ವನಿಗೆ ನನ್ನ ನೆನಪಾಯಿತು. ಡಬ್ಬಿ ಬಿಸಿಲಲ್ಲೇ ಇತ್ತು, ಪಾಚಿ ಒಣಗುತ್ತಿತ್ತು. ಕೈಗೆ ಸೆರಗು ಸುತ್ತಿಕೊಂಡು ಡಬ್ಬಿಯನ್ನು ಎತ್ತಿ, ಹರವಿಗಳಿಂದ ದೂರ, ಬೇವಿನ ಬುಡದ ನೆರಳಿಗೆ ಸರಿಸಿದಳು. ಒಂದು ಬೊಗಸೆ ನೀರು ಚಿಮುಕಿಸಿದಳು. ನಾನೀಗ ಆ ನೆರಳಿನಲ್ಲಿದ್ದೇನೆ. ಇನ್ನು ಎಷ್ಟು ಹೊತ್ತೋ ಗೊತ್ತಿಲ್ಲ. ಈ ಬಾಳಿನಲ್ಲಿ ನನ್ನನ್ನು ಕಂಡವರು ಹೆದರಿದರು, ಹಿಡಿದರು, ಬರೆದುಕೊಂಡರು, ಮುಚ್ಚಿಟ್ಟರು. ನನ್ನ ಮೈಯಲ್ಲಿ ವಿಷ ಇದೆ ಎಂದು ತಿಳಿದೂ ಬಿಸಿಲಿನಿಂದ ಎತ್ತಿಟ್ಟವಳು ಬಾಳವ್ವ ಒಬ್ಬಳೇ.